ಪಿಟೀಲೋ, ತೊರಕೆಯೋ

ಅವಳಿಗೆ ಹದ್ದಕ್ಕ ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಏಕೆ ಇಟ್ಟರೆಂದು ಮಾತ್ರ ಎಲ್ಲರಿಗೂ ಗೊತ್ತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಈಜುವಾಗ, ಉಳಿದವರಿಗೆ ಬರೀ ಮರಳು ಕಂಡ ಕಡೆ ಅವಳಿಗೆ ಮೀನು ಕಾಣುತ್ತಿತ್ತು. ಕಲ್ಲಿನ ಬಣ್ಣದ್ದಿರಲಿ, ಪಾಚಿಯ ಬಣ್ಣದ್ದಿರಲಿ, ಮರಳಿನೊಳಗೆ ಹೂತುಕೊಂಡು ಎರಡು ಕಣ್ಣು ಮಾತ್ರ ಹೊರಗಿಟ್ಟದ್ದಿರಲಿ, ಅವಳಿಂದ ತಪ್ಪಿಸಿಕೊಂಡ ಮೀನಿಲ್ಲ. ಅಂಥ ಹದ್ದಕ್ಕನಿಗೆ ಆ ದಿನ ಬೆಳಿಗ್ಗೆ ತನ್ನದೇ ಸೊಂಟಪಟ್ಟಿಯ ಬಕಲ್ ಕಾಣಲಿಲ್ಲ.

ಕಾಣಲಿಲ್ಲ ಎಂದರೆ ಪೂರ್ತಿ ಕತ್ತಲೆ ಎಂದಲ್ಲ. ಬಟ್ಟೆ ಬದಲಿಸುವ ಕೋಣೆಯ ಉದ್ದ ಬೆಂಚು ಕಾಣುತ್ತಿತ್ತು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಒದ್ದೆ ರಬ್ಬರ್ ಅಂಗಿಗಳು ಕಾಣುತ್ತಿದ್ದವು, ಮೂಲೆಯ ಬಕೆಟ್ಟೂ ಕಾಣುತ್ತಿತ್ತು. ನೋಡಬೇಕೆಂದು ನೇರವಾಗಿ ಕಣ್ಣಿಟ್ಟದ್ದು ಮಾತ್ರ ಕಾಣುತ್ತಿರಲಿಲ್ಲ. ನಟ್ಟನಡುವೆ ಯಾರೋ ಒದ್ದೆ ಹೆಬ್ಬೆಟ್ಟಿನಿಂದ ಉಜ್ಜಿಬಿಟ್ಟ ಹಾಗೆ ಒಂದು ಕಲೆ. ಸುತ್ತಲಿನದೆಲ್ಲ ಸರಿಯಾಗಿದ್ದು ಬೇಕಾದದ್ದೊಂದೇ ಮಾಯವಾಗುವುದು ಎಂಥ ಕುಚೇಷ್ಟೆ ನೋಡಿ. ಅವಳು ಬಕಲನ್ನು ಬೆರಳಿನಿಂದಲೇ ತಡವಿ ಹಾಕಿಕೊಂಡಳು.

ನಾಲ್ಕು ತಿಂಗಳ ಹಿಂದೆ, ಗುರುತಿನವರು ಒಬ್ಬರೂ ಇಲ್ಲದ ಊರಿಗೆ ಬಸ್ಸು ಹತ್ತಿ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡಿದ್ದಳು. "ನಡುವಿನ ದೃಷ್ಟಿ ಹೋಗ್ತಾ ಇದೆ. ಕನ್ನಡಕದಿಂದ ಸರಿಹೋಗೋದಲ್ಲ ಇದು," ಎಂದರು ಡಾಕ್ಟರು. ಏನು ಕೆಲಸ ಮಾಡ್ತೀರಿ ಎಂದು ಕೇಳಿದ್ದಕ್ಕೆ "ಹೊಲಿಗೆ" ಎಂದು ಸುಳ್ಳು ಹೇಳಿದಳು. ಹಾಗಾದ್ರೆ ಅದನ್ನ ಬಿಡಿ ಎಂದರು. ಬಿಟ್ಟೆ ಎಂದಳು. ಜೀವಮಾನದಲ್ಲಿ ಸೂಜಿಗೆ ದಾರ ಪೋಣಿಸದವಳಿಗೆ ಹೊಲಿಗೆ ಬಿಡುವುದೇನು ಕಷ್ಟ? ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಹಣೆಯಿಟ್ಟು ಅತ್ತಳು. ಮನೆಗೆ ಬಂದು, ಸಾಮಾನು ತರೋಕೆ ಹೋಗಿದ್ದೆ, ಅಂಗಡಿ ಮುಚ್ಚಿತ್ತು ಎಂದಳು.

ಮನೆಯಲ್ಲಿ ಮೂವರೇ. ಎಪ್ಪತ್ತೆಂಟರ ಅಮ್ಮ, ಐವತ್ತನಾಲ್ಕರ ಹದ್ದಕ್ಕ, ಐವತ್ತರ ತಂಗಿ. ಮನೆಯ ಮುಂಭಾಗವೇ ಪ್ರವಾಸಿಗರನ್ನು ಸಮುದ್ರಕ್ಕಿಳಿಸುವ ಅಂಗಡಿ. ಸಿಲಿಂಡರುಗಳಿಗೆ ಗಾಳಿ ತುಂಬುವುದು, ಒತ್ತಡ ನೋಡುವುದು, ಬಂದವರಿಗೆ ಬೈದು ಚಪ್ಪಲಿ ಹೊರಗೆ ಬಿಡಿಸುವುದು ತಂಗಿಯ ಪಾಲು. ಅವರನ್ನು ನೀರಿಗಿಳಿಸಿ ಮೀನು ತೋರಿಸುವುದು ಹದ್ದಕ್ಕನ ಪಾಲು. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಅವಳದೊಂದು ನಾಟಕ ನಡೆದಿತ್ತು. ಪತ್ರಿಕೆ ಬಂದರೆ, "ನೀನೇ ಓದಮ್ಮ, ನಿನ್ನ ಬಾಯಲ್ಲಿ ಕೇಳೋಕೆ ಚೆಂದ," ಎನ್ನುವುದು. ಕಾಫಿಗೆ ಉಪ್ಪು ಬಿದ್ದರೆ, ಡಬ್ಬಿಗಳ ಜಾಗ ಬದಲಿಸಿದವರು ಯಾರು ಎಂದು ತಾನೇ ಮೊದಲು ಜಗಳ ತೆಗೆಯುವುದು. ಇವಳಿಗೆ ಇತ್ತೀಚೆಗೆ ಕೋಪ ಮೂಗಿನ ತುದೀಲೇ ಇರುತ್ತೆ ಎಂದು ಅಮ್ಮ ತಂಗಿಯ ಹತ್ತಿರ ದೂರಿದಳು. ಪಾಪ, ಅದು ಕೋಪವಲ್ಲ. ಭಯ.

ಕಣ್ಣು ಹೋಗುತ್ತದೆ ಎಂಬ ಭಯಕ್ಕಿಂತ ನೀರು ಹೋಗುತ್ತದೆ ಎಂಬ ಭಯ. ನೆಲದ ಮೇಲೆ ಅವಳು ಯಾರು? ಮದುವೆಯಾಗದೆ ಉಳಿದ, ಮಾತು ಒರಟಾದ, ಅಡುಗೆ ಬಾರದ ಒಬ್ಬ ಹೆಂಗಸು. ನೀರಿನ ಕೆಳಗೆ ಅವಳು ಹದ್ದಕ್ಕ. ಈ ಒಂದು ಸಂಗತಿ ಹೊರಗೆ ಬಿದ್ದರೆ ಮಾರನೇ ದಿನದಿಂದ ಅವಳನ್ನು ಯಾರೂ ಮೊಣಕಾಲುದ್ದದ ನೀರಿಗೂ ಬಿಡುವುದಿಲ್ಲ, ಅವಳ ತಂಗಿಯಂತೂ ಮೊದಲೇ ಬಿಡುವುದಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ನೀರಿನ ಕೆಳಗೆ ಹೇಗೋ ನಡೆಯುತ್ತಿತ್ತು ಅನ್ನಿ. ಮೂವತ್ತು ವರ್ಷ ಓಡಾಡಿದ ಜಾಗ. ಹಳೆಯ ಲಂಗರಿನ ಅಡಿ ಹಾವುಮೀನು, ಮೂರನೇ ಬಂಡೆಯ ಎಡಕ್ಕೆ ಜೋಡಿ ಚಿಟ್ಟೆಮೀನು, ಬಂಡೆಯ ನೆತ್ತಿಯ ಮೇಲೆ ಗಿಳಿಮೀನಿನ ಗುಂಪು, ಎಲ್ಲ ಬಾಯಿಪಾಠ. ಕಣ್ಣನ್ನು ಓರೆಗೆ ತಿರುಗಿಸಿದರೆ ಬಣ್ಣವೂ ಅಲುಗಾಟವೂ ತಕ್ಕಮಟ್ಟಿಗೆ ಸಿಗುತ್ತಿತ್ತು. ಸಿಗದಿದ್ದರೆ ನೆನಪಿನಿಂದಲೇ ಬೆರಳು ಮಾಡಿ ತೋರಿಸುತ್ತಿದ್ದಳು. ಜೊತೆಗೆ ಬಂದವರು ಕಾಣದಿದ್ದರೂ ತಲೆಯಾಡಿಸುತ್ತಿದ್ದರು. ಹದ್ದಕ್ಕ ತೋರಿಸಿದ ಮೇಲೂ ಕಾಣಲಿಲ್ಲ ಎಂದರೆ ಅವರ ಮರ್ಯಾದೆ ಏನಾಗಬೇಕು?

ಆದರೆ ಬೆಳಗಿನ ತಪಾಸಣೆ ಬೇರೆ ಮಾತು. ದಿನಾ ಹತ್ತು ಗಂಟೆಗೆ ದಡದ ಆಳವಿಲ್ಲದ ನೀರಿಗೆ ಮಂಡಿನೋವಿನ ಗುಂಪು ಇಳಿಯುತ್ತದೆ. ಹನ್ನೊಂದು ಜನ ಹೆಂಗಸರು, ಎಲ್ಲರಿಗೂ ಅರವತ್ತು ದಾಟಿದೆ. ಸೊಂಟದ ಮಟ್ಟದ ನೀರಿನಲ್ಲಿ ಕೆಂಪು ಗೂಟದವರೆಗೆ ನಡೆಯುವುದು, ಗೂಟ ಮುಟ್ಟುವುದು, ಹಿಂದಿರುಗುವುದು. ನೀರಿನಲ್ಲಿ ಮಂಡಿಯ ಮೇಲೆ ಭಾರ ಬೀಳುವುದಿಲ್ಲ, ಬಾಯಿಗೂ ಒಳ್ಳೆಯ ಕೆಲಸ ಸಿಗುತ್ತದೆ. ಗುಂಪಿನ ಮುಂದಾಳು ಅಮ್ಮ. ಅವರು ಇಳಿಯುವ ಮುಂಚೆ ಹದ್ದಕ್ಕ ಆ ಮರಳನ್ನೆಲ್ಲ ಮುಳುಗಿ ನೋಡಿ ಬರಬೇಕು. ಏನೂ ಇಲ್ಲವೆಂದರೆ ಎರಡು ಸಲ ಸೀಟಿ ಊದುತ್ತಾಳೆ, ತಂಗಿ ಬಿಳಿ ಬಾವುಟ ಏರಿಸುತ್ತಾಳೆ. ತೊರಕೆ ಇದ್ದರೆ ಬಾವುಟವಿಲ್ಲ.

ತೊರಕೆ ಎಂದರೆ ತಟ್ಟೆಯ ಹಾಗೆ ಚಪ್ಪಟೆಯಾಗಿ ಮರಳಿನಲ್ಲಿ ಹೂತು ಮಲಗುವ ಮೀನು. ತಾನಾಗಿ ಯಾರ ತಂಟೆಗೂ ಬರುವುದಿಲ್ಲ. ಮೇಲೆ ಕಾಲಿಟ್ಟರೆ ಮಾತ್ರ ಬಾಲ ಬೀಸುತ್ತದೆ, ಬಾಲದಲ್ಲಿ ವಿಷದ ಮುಳ್ಳಿದೆ. ಮೂರು ವರ್ಷದ ಹಿಂದೆ ಅಂಚೆ ಕಚೇರಿಯ ಗುಮಾಸ್ತನೊಬ್ಬ ತುಳಿದಿದ್ದ. ಅವನು ಕಿರುಚಿದ್ದು ರಸ್ತೆಯವರೆಗೆ ಕೇಳಿಸಿತು, ಗಾಯ ಮಾಗಲು ಐದು ತಿಂಗಳು ಹಿಡಿಯಿತು. ಅವನು ಗಟ್ಟಿಮುಟ್ಟಾದ ಗಂಡಸು. ಅಮ್ಮನಿಗೋ ಸಕ್ಕರೆ ಕಾಯಿಲೆ. ಕಾಲಿಗೆ ಒಂದು ಗೀರೂ ಆಗದ ಹಾಗೆ ನೋಡಿಕೊಳ್ಳಿ, ಗೀರಾದರೆ ಕಾಲೇ ಉಳಿಯುವುದಿಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದ್ದಾರೆ.

ಇಷ್ಟೇ ಆಗಿದ್ದರೆ ಅನುಮಾನ ಬಂದಾಗಲೆಲ್ಲ ತೊರಕೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅಲ್ಲೇ ಇದೆ ತೊಡಕು. ಪಿಟೀಲು ಮೀನು ಅಂತ ಇನ್ನೊಂದಿದೆ. ಅದೂ ಚಪ್ಪಟೆ, ಅದೂ ಮರಳು ಹೊದ್ದು ಮಲಗುತ್ತದೆ, ಆದರೆ ಅದಕ್ಕೆ ಮುಳ್ಳಿಲ್ಲ, ಸಾಧು ಪ್ರಾಣಿ. ಅರ್ಧ ಮುಚ್ಚಿಕೊಂಡಾಗ ಎರಡಕ್ಕೂ ಇರುವ ವ್ಯತ್ಯಾಸ ಬಾಲದ್ದೊಂದೇ. ಬಾಲ ದಪ್ಪಗಿದ್ದು ಮೇಲೆ ಎರಡು ರೆಕ್ಕೆ ನಿಂತಿದ್ದರೆ ಪಿಟೀಲು. ಚಾವಟಿಯ ಹಾಗೆ ಸಪೂರವಾಗಿದ್ದರೆ ತೊರಕೆ. ಬಾಲ ನೋಡಿ, ಆಮೇಲೆ ಮಾತಾಡಿ ಎಂದು ನೂರಾರು ಜನಕ್ಕೆ ಕಲಿಸಿದವಳು ಹದ್ದಕ್ಕನೇ. ಈಗ ನೋಡಬೇಕೆಂದು ಕಣ್ಣಿಟ್ಟ ಕೂಡಲೇ ಬಾಲವೇ ಮಾಯವಾಗುತ್ತಿತ್ತು.

ಮೊದಲ ಎರಡು ವಾರ ಅವಳು ಕಂಡದ್ದನ್ನೆಲ್ಲ ತೊರಕೆ ಎಂದೇ ಹೇಳಿದಳು. ಬಾವುಟ ಏರಲಿಲ್ಲ. ಗುಂಪು ಬೆಂಚಿನ ಮೇಲೆ ಕೂತು ಗೊಣಗಿ ಮನೆಗೆ ಹೋಯಿತು, ಅಮ್ಮನ ಮಂಡಿ ಊದಿಕೊಂಡಿತು. "ಇಷ್ಟೊಂದು ತೊರಕೆ ಎಲ್ಲಿಂದ ಬಂತಕ್ಕ? ಇಷ್ಟು ವರ್ಷದಲ್ಲಿ ಕಂಡಿದ್ದೇ ಇಲ್ಲ," ಎಂದು ತಂಗಿ ಹುಬ್ಬೇರಿಸಿದಳು. ಮರುದಿನದಿಂದ ಹದ್ದಕ್ಕ ಅಂದಾಜಿನ ಮೇಲೆ ಹೇಳತೊಡಗಿದಳು. ಆಕಾರದ ಅಂದಾಜು, ಜಾಗದ ಅಂದಾಜು. ದಿನಾ ಬಾವುಟ ಏರಿದ ಮೇಲೆ, ಅಮ್ಮ ಗೂಟ ಮುಟ್ಟಿ ಹಿಂದಿರುಗುವವರೆಗೆ ಅವಳು ಉಸಿರು ಬಿಗಿಹಿಡಿದು ದಡದಲ್ಲಿ ನಿಂತಿರುತ್ತಿದ್ದಳು. ಅದೃಷ್ಟಕ್ಕೆ ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದೇ ಅವಳಿಗೆ ಅಭ್ಯಾಸವೂ ಆಗಿಹೋಯಿತು.

ಇವತ್ತು ತಾಳೆಯ ದಿನ. ವರ್ಷಕ್ಕೊಂದು ಸಲ ಮೀನುಗಾರಿಕೆ ಕಚೇರಿಯಿಂದ ಒಬ್ಬರು ಬಂದು ಜೊತೆಯಲ್ಲೇ ಮುಳುಗುತ್ತಾರೆ. ಆಳದಿಂದ ದಡದ ಗೂಟದವರೆಗೆ ಹಾಸಿದ ಹಗ್ಗದ ಉದ್ದಕ್ಕೂ ಇಬ್ಬರೂ ಈಜಿ, ಕಂಡ ಮೀನನ್ನು ಅವರವರ ಸ್ಲೇಟಿನಲ್ಲಿ ಬರೆಯಬೇಕು. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮೇಲೆ ಬಂದು ಎರಡನ್ನೂ ಓದಿ ತಾಳೆ ನೋಡುತ್ತಾರೆ. ಮೂರು ಕಡೆ ಹೊಂದದಿದ್ದರೆ ಪರವಾನಗಿ ಪಟ್ಟಿಯಿಂದ ಹೆಸರು ಹೋಯಿತು, ನೀರೂ ಹೋಯಿತು.

ಬಂದವನು ಮೂವತ್ತರ ಆಸುಪಾಸಿನ ಸಂಕೋಚದ ಮನುಷ್ಯ, ಕೆಲಸಕ್ಕೆ ಹೊಸಬ. "ಅಕ್ಕ, ನೀವು ಬರೆಸಿದ ಚಾರ್ಟ್ ನೋಡಿಯೇ ನಾನು ಮೀನು ಕಲಿತಿದ್ದು. ನಾನು ನಿಮ್ಮ ತಾಳೆ ನೋಡೋದು ಅಂದ್ರೆ ನಗು ಬರುತ್ತೆ," ಎಂದ.

"ನಗು ಬಂದ್ರೆ ಇಲ್ಲೇ ನಕ್ಕುಬಿಡಿ. ಕೆಳಗೆ ನಕ್ಕರೆ ಮಾಸ್ಕಿಗೆ ನೀರು ನುಗ್ಗುತ್ತೆ," ಎಂದಳು ಹದ್ದಕ್ಕ. ಬಾಯಿ ಮಾತ್ರ ಎಂದಿನಂತೆಯೇ ಆಡುತ್ತಿತ್ತು.

ನೀರು ತಣ್ಣಗಿತ್ತು. ಹಗ್ಗ ಎಡಗೈಗೆ ಸಿಕ್ಕಿತು. ಲಂಗರಿನ ಅಡಿ ಹಾವುಮೀನು ಇದೆಯೆಂದು ಬರೆದಳು, ಇದ್ದಿತೋ ಇಲ್ಲವೋ. ಜೋಡಿ ಚಿಟ್ಟೆಮೀನುಗಳ ಹಳದಿ ಕಣ್ಣಂಚಿನಲ್ಲಿ ಸುಳಿಯಿತು, ಅವು ನಿಜ. ಗಿಳಿಮೀನು ಕಲ್ಲು ಕೆರೆಯುವ ಕರಕರ ಸದ್ದು ಕಿವಿಗೇ ಕೇಳಿಸಿತು, ಐದೆಂದು ಬರೆದಳು. ಪಕ್ಕದಲ್ಲಿ ಅವನ ಪೆನ್ಸಿಲ್ಲೂ ಓಡುತ್ತಿತ್ತು. ತನಗಿಂತ ಹೆಚ್ಚು ಹೊತ್ತು ಬರೆಯುತ್ತಿದ್ದಾನೆ ಎನಿಸಿದಾಗಲೆಲ್ಲ ಅವಳ ಉಸಿರು ಜೋರಾಗಿ ಗುಳ್ಳೆಗಳು ಒಂದರ ಮೇಲೊಂದು ಏರಿದವು. ಗಾಳಿ ಬೇಗ ಖರ್ಚಾಗುತ್ತಿದೆ ಎಂದು ಗೊತ್ತಿದ್ದೂ ಉಸಿರು ಹತೋಟಿಗೆ ಬರಲಿಲ್ಲ. ಮೂವತ್ತು ವರ್ಷದಲ್ಲಿ ಅವಳಿಗೆ ಹೀಗಾದದ್ದಿಲ್ಲ.

ಹಗ್ಗದ ಕೊನೆಗೆ ಆಳ ಕಡಿಮೆಯಾಗಿ ಬೆಳಕಾಯಿತು. ಗೂಟದ ಬುಡದಲ್ಲಿ ಮರಳು ಉಬ್ಬಿತ್ತು. ಅಲ್ಲೇನೋ ಚಪ್ಪಟೆಯಾದದ್ದು ಮಲಗಿದೆ. ಹದ್ದಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕಣ್ಣನ್ನು ಮೇಲಕ್ಕೆತ್ತಿ ಕೆಳಗಿನ ಅಂಚಿನಿಂದ ಹಿಡಿಯಲು ನೋಡಿದಳು. ಅಂಚು ಸಿಕ್ಕಿತು, ದೇಹ ಸಿಕ್ಕಿತು, ಬಾಲ ಇರಬೇಕಾದ ಕಡೆ ಅದೇ ಕಲೆ. ಮೂರು ವಾರದಿಂದ ಈ ಗೂಟದ ಹತ್ತಿರ ಒಂದು ಪಿಟೀಲು ಮಲಗುತ್ತಿತ್ತು, ಅದನ್ನು ಬೇರೆಯವರೂ ನೋಡಿದ್ದರು. ಅದೇ ಇದು, ಇನ್ನೇನಿರುತ್ತದೆ ಎಂದುಕೊಂಡಳು. ಹಾಗೆ ಎಂದುಕೊಳ್ಳುತ್ತಿದ್ದಂತೆಯೇ ಅವಳ ಬಲಗೈ ಎಡತೋಳಿನ ಮೇಲೆ ಕಮಾನು ಎಳೆದುಬಿಟ್ಟಿತು. ನೀರಿನ ಕೆಳಗೆ ಅದು ಪಿಟೀಲು ಮೀನಿನ ಸನ್ನೆ. ತಾಳೆಯ ದಿನ ಸನ್ನೆ ಮಾಡಕೂಡದು. ಮೀನು ಕಂಡರೆ ಕೈ ತಾನಾಗಿ ಏಳುವ ಅಭ್ಯಾಸವೋ, ಅವನೂ ಅದನ್ನೇ ಬರೆಯಲಿ ಎಂಬ ಆಸೆಯೋ, ಅವಳಿಗೇ ಹೇಳಲು ಬಾರದು. ಅವನು ಗೂಟದ ಬುಡವನ್ನೂ ಅವಳ ಮುಖವನ್ನೂ ಒಂದು ಕ್ಷಣ ನೋಡಿದ. ಆಮೇಲೆ ತಲೆ ಬಗ್ಗಿಸಿ ಬರೆದ.

ದೋಣಿ ನಿಲ್ಲುವ ಮರದ ಜೆಟ್ಟಿಯ ಮೆಟ್ಟಿಲ ಮೇಲೆ ಕೂತು ಸ್ಲೇಟು ಓದಿದರು. ಅಂದರೆ ಅವನು ಓದಿದ. "ನೀವೇ ಓದಿ, ನನ್ನ ಕೈ ಒದ್ದೆ," ಎಂದು ಅವಳು ತನ್ನದನ್ನೂ ಅವನಿಗೇ ಕೊಟ್ಟಿದ್ದಳು. ಕೈ ಅವನದೂ ಒದ್ದೆಯೇ, ಅವನು ಕೇಳಲಿಲ್ಲ. ಒಂದು ಕಡೆ ಗಿಳಿಮೀನು ಐದರ ಬದಲು ಆರು. ಉಳಿದದ್ದೆಲ್ಲ ಹೊಂದಿತು. ಪಿಟೀಲು ಒಂದು, ಪಿಟೀಲು ಒಂದು. "ತಾಳೆ ಆಯ್ತು ಅಕ್ಕ," ಎಂದು ಕಾಗದಕ್ಕೆ ರುಜು ಹಾಕಿದ.

ಹದ್ದಕ್ಕ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದಳು. ಅಷ್ಟು ಜೋರಾಗಿ ಊದಿ ಎಷ್ಟೋ ಕಾಲವಾಗಿತ್ತು. ದೂರದಲ್ಲಿ ಬಾವುಟದ ಬಿಳುಪು ಮೇಲೇರಿತು, ಹೆಂಗಸರ ಗದ್ದಲ ನೀರಿಗಿಳಿಯಿತು. ಇನ್ನೊಂದು ವರ್ಷ ಸಿಕ್ಕಿತು ಎಂದುಕೊಂಡಳು. ಒಂದು ವರ್ಷದಲ್ಲಿ ಏನು ಬೇಕಾದರೂ ಆಗಬಹುದು, ಯಾರಾದರೂ ಔಷಧಿ ಕಂಡುಹಿಡಿಯಬಹುದು.

ತಾಳೆಯವನು ಸಿಲಿಂಡರಿನ ಪಟ್ಟಿ ಬಿಚ್ಚುತ್ತಾ ಹೇಳಿದ. "ಒಂದು ವಿಷಯ ಅಕ್ಕ, ನಗಬೇಡಿ. ಗೂಟದ ಹತ್ತಿರದ್ದು ನನಗೆ ಬಾಲ ಸಪೂರ ಅನ್ನಿಸಿತ್ತು. ನಾನೇ ಆಗಿದ್ರೆ ತೊರಕೆ ಅಂತಿದ್ದೆ."

"ಮತ್ತೆ ಪಿಟೀಲು ಅಂತ ಬರೆದಿದ್ದೀರಲ್ಲ?"

"ನೀವು ತೋರಿಸಿದ್ರಲ್ಲ. ನಿಮ್ಮ ಕಣ್ಣಿಗಿಂತ ನನ್ನ ಕಣ್ಣು ಹೆಚ್ಚೇ?"

ಹದ್ದಕ್ಕ ಇನ್ನೊಮ್ಮೆ ಇಳಿದು ನೋಡಿ ಬರುತ್ತೇನೆ ಎನ್ನಲು ಬಾಯಿ ತೆರೆದಳು, ಹೋಗಿ ಏನು ನೋಡುವುದು? ಕಾಲಿನ ಫಿನ್ಸ್ ಕಿತ್ತೆಸೆದು ಜೆಟ್ಟಿಯ ಹಲಗೆಗಳ ಮೇಲೆ ಓಡಿದಳು. ಅವನೂ ಏನೂ ಅರ್ಥವಾಗದೆ ಹಿಂದೆಯೇ ಓಡಿದ. ದಡದ ಮರಳಿನಲ್ಲಿ ಎರಡು ಸಲ ಮುಗ್ಗರಿಸಿದಳು. ಗುಂಪು ಆಗಲೇ ಅರ್ಧ ದಾರಿ ದಾಟಿತ್ತು, ಎಲ್ಲರಿಗಿಂತ ಮುಂದೆ ಅಮ್ಮನ ನೀಲಿ ಟೋಪಿ.

"ಅಮ್ಮಾ, ನಿಂತ್ಕೋ. ಹೊರಗೆ ಬಾ. ಎಲ್ಲರೂ ಹೊರಗೆ ಬನ್ನಿ."

"ಈಗ ತಾನೇ ಸೀಟಿ ಊದಿದ್ಯಲ್ಲೇ," ಎಂದಳು ಅಮ್ಮ, ನಡೆಯುತ್ತಲೇ.

"ಗೂಟದ ಹತ್ತಿರ ತೊರಕೆ ಇರಬಹುದು."

"ಇರಬಹುದು ಅಂದ್ರೆ? ಯಾರು ಹೇಳಿದ್ದು?"

"ನಾನು ಹೇಳಿದ್ದು," ಎಂದ ತಾಳೆಯವನು ಏದುಸಿರು ಬಿಡುತ್ತಾ. ಹೆಂಗಸರು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಅವರು ಹೊಸಬರು ಕಣೇ, ಪಾಪ," ಎಂದಳು ಅಮ್ಮ. "ನೀನು ನೋಡಿದ್ಯಾ ಇಲ್ವಾ? ನೀನು ಏನು ಅಂತ ಬರೆದೆ?"

"ಪಿಟೀಲು ಅಂತ."

"ಮುಗೀತಲ್ಲ. ನನ್ನ ಮಗಳು ಪಿಟೀಲು ಅಂದ ಮೇಲೆ ಅದು ಪಿಟೀಲೇ. ಹೋಗಿ ತಿಂಡಿ ತಿನ್ನು, ಹೊಟ್ಟೆ ಹಸಿದ್ರೆ ನಿನಗೆ ಹೀಗೇ ಆಗೋದು." ಅಮ್ಮ ಮತ್ತೊಂದು ಹೆಜ್ಜೆ ಎತ್ತಿ ಇಟ್ಟಳು. ಗೂಟಕ್ಕೆ ಇನ್ನು ಎಂಟು ಹತ್ತು ಹೆಜ್ಜೆ.

ಬೇರೆ ಯಾವ ಮಾತಿಗೂ ಅಮ್ಮ ನಿಲ್ಲುವುದಿಲ್ಲ ಎಂದು ಹದ್ದಕ್ಕನಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರೇ ಈಗ ಅಮ್ಮನನ್ನು ಗೂಟದ ಕಡೆ ನಡೆಸುತ್ತಿತ್ತು.

"ಅಮ್ಮಾ," ಎಂದಳು, "ನನಗೆ ಕಣ್ಣು ಕಾಣಲ್ಲ."

ಅಮ್ಮ ನಿಂತಳು.

"ನೇರ ಇಟ್ಟದ್ದು ಕಾಣಲ್ಲ. ಬಾಲ ಕಾಣಲಿಲ್ಲ ನನಗೆ. ಅಂದಾಜಿನ ಮೇಲೆ ಬರೆದೆ. ಕಾಲು ಎತ್ತಬೇಡ ಅಮ್ಮಾ. ಮರಳಿನ ಮೇಲೆ ಎಳೀತಾ ಎಳೀತಾ ಹಿಂದಕ್ಕೆ ಬಾ."

ಹನ್ನೊಂದು ಜನವೂ ಕಾಲೆಳೆಯುತ್ತಾ ದಡಕ್ಕೆ ತಿರುಗಿದರು, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು. ತಾಳೆಯವನು ಮಾಸ್ಕ್ ಏರಿಸಿಕೊಂಡು, ಪಕ್ಕದಿಂದ ಸುತ್ತಿ ಗೂಟದ ಹತ್ತಿರ ಈಜಿ ಹೋದ. ಸ್ವಲ್ಪ ಹೊತ್ತಿಗೆ ತಲೆ ಮೇಲೆತ್ತಿ, ಕೈಯೆತ್ತಿ ಏನೋ ತೋರಿಸಿದ. ಎಲ್ಲರೂ ಅತ್ತ ನೋಡಿದರು.

"ಏನಂತೆ?" ಎಂದು ಹದ್ದಕ್ಕ ತಂಗಿಯನ್ನು ಕೇಳಿದಳು.

ತಂಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು. "ತೊರಕೆ," ಎಂದಳು. "ದೊಡ್ಡದಂತೆ." ಅಷ್ಟು ಹೇಳಿ ಬಾವುಟ ಇಳಿಸಲು ಹೋದಳು. ಹಗ್ಗ ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅಮ್ಮ ಬೆಂಚಿನ ಮೇಲೆ ಕೂತು ಎರಡೂ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎಲ್ಲೂ ಗೀರಿರಲಿಲ್ಲ. ಟವೆಲ್ಲಿನಿಂದ ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿದಳು. ಉಳಿದವರು ದೂರ ಸರಿದು ಬಟ್ಟೆ ಹಿಂಡುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತರು. ತಾಳೆಯವನು ರುಜು ಹಾಕಿದ ಕಾಗದವನ್ನು ಚೀಲದಿಂದ ತೆಗೆದು, ಏನು ಮಾಡಬೇಕೆಂದು ತೋಚದೆ ಮತ್ತೆ ಚೀಲಕ್ಕೇ ಹಾಕಿದ. ಹದ್ದಕ್ಕ ಅದನ್ನು ಇಸಿದುಕೊಂಡು ನಾಲ್ಕು ಚೂರು ಮಾಡಿ ಅವನ ಕೈಗಿಟ್ಟಳು.

"ಯಾವಾಗಿಂದ?" ಎಂದು ಅಮ್ಮ ಕೇಳಿದಳು.

"ನಾಲ್ಕು ತಿಂಗಳು."

"ನಾಲ್ಕು ತಿಂಗಳಿಂದ ನಾನು ದಿನಾ ಇಳೀತಿದ್ದೀನಿ. ಇವರನ್ನೆಲ್ಲ ಕರ್ಕೊಂಡು."

ಏನು ಹೇಳಿದರೂ ಆ ಹನ್ನೊಂದು ಜೊತೆ ಕಾಲುಗಳ ಮುಂದೆ ನಿಲ್ಲುವಂಥದ್ದಲ್ಲ ಎಂದು ಹದ್ದಕ್ಕನಿಗೇ ಗೊತ್ತಿತ್ತು. ಕ್ಷಮಿಸು ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಅಮ್ಮ ಮುಂಗೈ ಹಿಡಿದು ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಇಲ್ಲಿ ನೋಡು. ನನ್ನ ಮುಖ ಕಾಣುತ್ತಾ?"

ಹದ್ದಕ್ಕ ನೇರವಾಗಿ ನೋಡಿದಳು. "ಟೋಪಿ ಕಾಣುತ್ತೆ. ಕಿವಿ ಕಾಣುತ್ತೆ."

"ಮುಖ?"

"ಇಲ್ಲಮ್ಮ."

ಅಮ್ಮ ಹಿಡಿದ ಕೈಯನ್ನು ಬಿಡಲಿಲ್ಲ.

"ನನಗೆ ತುಂಬಾ ಕೋಪ ಬಂದಿದೆ," ಎಂದಳು. "ಮುಖ ನೋಡಿದ್ರೆ ನಿನಗೆ ಗೊತ್ತಾಗಲ್ವಲ್ಲ, ಅದಕ್ಕೇ ಬಾಯಿಬಿಟ್ಟು ಹೇಳ್ತಾ ಇದ್ದೀನಿ."